ಇಟ್ಟಿಗೆ ಗೂಡು ದಾಟದ ಕಾರು

ಹೊಳೆ ದಂಡೆಯ ಆಶ್ರಮ. ಅಲ್ಲೊಬ್ಬ ಗುರು, ಒಬ್ಬ ಶಿಷ್ಯ, ಅಡುಗೆಯ ಪಾರವ್ವ. ಜೊತೆಗೆ ವಯಸ್ಸಿನಲ್ಲಿ ಗುರುಗಳಿಗಿಂತ ಸ್ವಲ್ಪವೇ ಚಿಕ್ಕದಾದ ಒಂದು ಕಾರು.

ಕಾರು ಜೋರಾಗಿಯೇ ಹೊರಡುತ್ತಿತ್ತು. ಇಟ್ಟಿಗೆ ಗೂಡಿನ ಹತ್ತಿರ ಕೆಮ್ಮಿ ಆಫ್ ಆಗುತ್ತಿತ್ತು. ಎಲೆಅಡಿಕೆ ಹಾಕುವಷ್ಟು ಹೊತ್ತು ಬಿಟ್ಟರೆ ಸ್ಟಾರ್ಟ್. ಸ್ವಲ್ಪ ದೂರ ಹೋಗಿ ಮತ್ತೆ ಅದೇ ಕಥೆ.

ಮರುದಿನ ಪೇಟೆಯಲ್ಲಿ ಪಾರವ್ವನ ಕಣ್ಣಿನ ಆಪರೇಷನ್. ಡಾಕ್ಟರು ಬರುವುದು ವರ್ಷಕ್ಕೊಮ್ಮೆ. ಈಗಾಗಲೇ ಪಾಯಸಕ್ಕೆ ಉಪ್ಪು ಬೀಳುತ್ತಿತ್ತು. ಇನ್ನೊಂದು ವರ್ಷ ಕಳೆದರೆ ಅವಳಿಗೆ ಒಲೆಯೇ ಕಾಣುತ್ತಿರಲಿಲ್ಲ.

ಶಿಷ್ಯ ಶರಭ ಕಾರ್ಬೊರೇಟರ್ ಬಿಚ್ಚಿದ. ಪೆಟ್ರೋಲ್ ಹಾಯುವ ಜೆಟ್ ಊದಿದ, ತೊಳೆದ, ಜೋಡಿಸಿದ. ಕಾರು ಗೂಡಿನ ಹತ್ತಿರವೇ ನಿಂತಿತು.

ಮತ್ತೆ ಬಿಚ್ಚಿದ. ಈ ಸಲ ಬಂಪರಿಗೆ ನಿಂಬೆಹಣ್ಣನ್ನೂ ಕಟ್ಟಿದ. ಕಾರು ನಿಂಬೆಹಣ್ಣಿನ ಸಮೇತ ನಿಂತಿತು.

ಹೇಗೋ ವಾಪಸ್ ತಂದ.

"ಗುರುಗಳೇ, ಇದಕ್ಕೆ ಗೂಡಿನ ದೆವ್ವ ಹಿಡಿದಿದೆ."

"ದೆವ್ವಕ್ಕೆ ಬೇರೆ ಗಾಡಿ ಸಿಗಲಿಲ್ಲವೇನೋ?"

"ತಮಾಷೆ ಬಿಡಿ. ನಾಳೆ ಪಾರವ್ವನ್ನ ಹೆಗಲ ಮೇಲೆ ಹೊರಲಾ? ಏನು ಮಾಡಲಿ ಹೇಳಿ."

"ದೀಪಕ್ಕೆ ಎಣ್ಣೆ ಹಾಕು."

ಎಣ್ಣೆಯದು ಹೊಸ ಡಬ್ಬ. ಶರಭ ಸಿಟ್ಟಿನಲ್ಲಿ ಅದರ ನೆತ್ತಿಗೆ ಮೊಳೆ ಹೊಡೆದು ಬಗ್ಗಿಸಿದ. ಎಣ್ಣೆ ಗುಳುಕ್ ಎಂದು ಒಂದಿಷ್ಟು ಬಿತ್ತು. ಆಮೇಲೆ ಬೀಳಲಿಲ್ಲ. ಅಲ್ಲಾಡಿಸಿದ. ಒಂದೇ ಹನಿ.

"ಥತ್, ಗಾಳಿಗೆ ತೂತು ಬಿಡೋದೇ ಮರೆತೆ" ಎಂದು ಎದುರು ಮೂಲೆಗೆ ಇನ್ನೊಂದು ಹೊಡೆದ. ಎಣ್ಣೆ ದಾರದಂತೆ ಇಳಿಯಿತು.

ಶರಭ ಮೊಳೆ ಹಿಡಿದು ಹಾಗೇ ನಿಂತ.

"ಎಣ್ಣೆ ಚೆಲ್ಲುತ್ತಿದೆ" ಎಂದರು ಗುರುಗಳು.

ಅವನಾಗಲೇ ಕಾರಿನತ್ತ ಓಡಿದ್ದ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆಂದೇ ಬಿಟ್ಟ ಒಂದು ಸಣ್ಣ ತೂತಿತ್ತು. ಕಳೆದ ಅಮಾವಾಸ್ಯೆಯಂದು ಅದಕ್ಕೆ ಅರಗು ತುಂಬಿ, ಮೇಲೆ ಸೈಕಲ್ ಟ್ಯೂಬ್ ಬಿಗಿದವನು ಅವನೇ. ಈಗ ಟ್ಯೂಬ್ ಬಿಚ್ಚಿ ಮುಚ್ಚಳ ತಿರುಗಿಸಿದ. ಟ್ಯಾಂಕು ಸುಸ್ಸೆಂದು ಉಸಿರು ಒಳಗೆಳೆದುಕೊಂಡಿತು. ಮೊಳೆಯಿಂದ ಅರಗನ್ನು ಕೆದರಿ ತೆಗೆದ.

ಬೆಳಿಗ್ಗೆ ಗುರುಗಳು ಮುಂದೆ ಕೂತರು. ಹಿಂದಿನ ಸೀಟಿನಲ್ಲಿ ಪಾರವ್ವ ಕಣ್ಣು ಮುಚ್ಚಿ ಕೂತಿದ್ದಳು.

"ತಮ್ಮಾ, ಗೂಡು ಬಂತಾ?"

"ಆಗಲೇ ಹೋಯ್ತು, ಪಾರವ್ವಾ."

ಕಾರು ಕೆಮ್ಮದೆ ಓಡುತ್ತಿತ್ತು. ಶರಭ ಗುರುಗಳತ್ತ ತಿರುಗಿದ.

"ತಪ್ಪು ನನ್ನೊಬ್ಬನದಲ್ಲ ಗುರುಗಳೇ. ಅವತ್ತು ಪ್ರವಚನದಲ್ಲಿ ಒಂದು ಹನಿಯೂ ಪೋಲಾಗಬಾರದು ಅಂದವರು ಯಾರು? ನಿಮ್ಮ ಮಾತು ಅಂತಲೇ ಅಷ್ಟು ಬಿಗಿಯಾಗಿ ಮುಚ್ಚಿದ್ದು."

"ಮೊಳೆ ಜೇಬಿನಲ್ಲಿದೆಯಾ?"

"ಇದೆ."

"ನನ್ನ ಮಾತಿಗೂ ಒಂದು ತೂತು ಹಾಕಿಟ್ಟುಕೋ."