ಕಡಲನ್ನು ಅಳೆದವನು

“ಗುರುಗಳೇ, ಏಳು ವರ್ಷದಿಂದ ಒಂದು ಗ್ರಂಥಕ್ಕೆ ಟೀಕೆ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ತಪ್ಪೂ ಉಳಿದಿಲ್ಲ ಎಂದಾದ ಮೇಲೆ ನಾಲ್ವರಿಗೆ ತೋರಿಸಿದರೆ ಸಾಲದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಸಮುದ್ರವಿಜ್ಞಾನಿ ಇದ್ದ. ಕಡಲ ನೀರೆಲ್ಲ ಒಂದೇ ತೂಕದ್ದಲ್ಲ. ಹಗುರ ನೀರಿನ ಜೊತೆ ಚೂರು ಭಾರದ ನೀರೂ ಬೆರೆತಿರುತ್ತದೆ. ಈ ಭೇದಕ್ಕೆ ಕಾರಣವಾದ ಹಗುರ-ಭಾರದ ಪರಮಾಣುಗಳನ್ನು ಬಲ್ಲವರು ಐಸೊಟೋಪು ಎನ್ನುತ್ತಾರೆ. ಮಳೆ ಸುರಿದರೆ ಹಗುರದ್ದು ಹೆಚ್ಚುತ್ತದೆ. ನೀರು ಆವಿಯಾದರೆ ಹಗುರದ್ದು ಮೊದಲು ಹೋಗಿ ಭಾರದ್ದು ಉಳಿಯುತ್ತದೆ. ಈತ ಇಪ್ಪತ್ತು ವರ್ಷ ಹಡಗಿನಲ್ಲಿ ಹೋಗಿ, ಒಂದೇ ಜಾಗದ ನೀರನ್ನು ಸೀಸೆಗಳಲ್ಲಿ ತಂದು ಅಳೆದ. ಕೊನೆಯ ಒಂಬತ್ತು ವರ್ಷ ನೀರು ಭಾರವಾಗುತ್ತಲೇ ಹೋಯಿತು. ಆ ಕಡಲಿನ ಮೇಲೆ ಮಳೆ ಕಡಿಮೆಯಾಗುತ್ತಿದೆ ಎಂದು ಅವನಿಗೆ ತೋರಿತು. ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಅಳತೆಗಳನ್ನು ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಂಡ.

ಒಂದು ದಿನ ಒಬ್ಬ ಹೆಂಗಸು ಅವನನ್ನು ಹುಡುಕಿಕೊಂಡು ಬಂದಳು. “ಎಲ್ಲ ಕಡಲುಗಳ ಅಳತೆಗಳನ್ನೂ ಒಂದೆಡೆ ಕೂಡಿಸುತ್ತಿದ್ದೇವೆ. ಯಾರು ಬೇಕಾದರೂ ತೆರೆದು ನೋಡಬಹುದು. ನಿಮ್ಮವನ್ನೂ ಕೊಡಿ,” ಎಂದಳು.

“ನನ್ನ ಅಳತೆಗಳ ಮೇಲೆ ನನಗೇ ಅನುಮಾನವಿದೆ, ತಾಯಿ.”

“ಆ ಅನುಮಾನವನ್ನೂ ಬರೆದುಕೊಡಿ. ಅದಕ್ಕೂ ಒಂದು ಅಂಕಣ ಇಟ್ಟಿದ್ದೇವೆ.”

ಅವನು ಎರಡು ದಿನ ಆ ಅಳತೆಗಳನ್ನೇ ತಿರುವಿ ಹಾಕಿದ. ಮೂರನೆಯ ದಿನ ಎಲ್ಲವನ್ನೂ ಕೊಟ್ಟುಬಿಟ್ಟ.

ತಿಂಗಳೊಳಗೆ ದೂರದೇಶದಿಂದ ಒಬ್ಬ ಅಪರಿಚಿತನ ಪತ್ರ ಬಂತು. ಅವನೂ ಒಂಬತ್ತು ವರ್ಷದಿಂದ ಅದೇ ಜಾಗದ ನೀರನ್ನು ಅಳೆಯುತ್ತಿದ್ದ. ಅವನ ನೀರು ಭಾರವಾಗಿರಲಿಲ್ಲ. ‘ತಂದ ಸೀಸೆಗಳನ್ನು ಅಳೆಯುವ ಮುಂಚೆ ಎಷ್ಟು ದಿನ ಇಡುತ್ತೀರಿ?’ ಎಂದಷ್ಟೇ ಕೇಳಿದ್ದ.

ವಿಜ್ಞಾನಿ ಸೀಸೆಗಳ ಕೋಣೆಗೆ ಹೋಗಿ ಒಂದೊಂದನ್ನೇ ಮುಟ್ಟಿ ನೋಡಿದ. ಒಂಬತ್ತು ವರ್ಷದ ಹಿಂದೆ ಹೊಸ ಬಗೆಯ ಸೀಸೆ ತರಿಸಿದ್ದ. ಅವುಗಳ ಮುಚ್ಚಳ ಸಡಿಲ. ವರ್ಷದಿಂದ ವರ್ಷಕ್ಕೆ ಸೀಸೆಗಳು ಅಳತೆಯ ಸರದಿಗೆ ಇನ್ನಷ್ಟು ದಿನ ಕಾಯುತ್ತಿದ್ದವು. ಕಡಲು ಭಾರವಾಗಿರಲಿಲ್ಲ, ಸೀಸೆಯೊಳಗಿನ ನೀರು ಆವಿಯಾಗುತ್ತ ಭಾರವಾಗಿತ್ತು.

ಆಮೇಲೆ ಹೋಗಿ, ಎಲ್ಲರೂ ನೋಡುವ ಆ ಪಟ್ಟಿಯಲ್ಲಿ ಒಂಬತ್ತು ವರ್ಷಗಳ ಎದುರಿಗೆ ‘ಇವನ್ನು ನಂಬಬೇಡಿ, ಮುಚ್ಚಳ ಸಡಿಲವಿತ್ತು’ ಎಂದು ತಾನೇ ಬರೆದು ಹೆಸರು ಹಾಕಿದ.

ಮೊದಲಿನ ಹನ್ನೊಂದು ವರ್ಷದ ಅಳತೆಗಳು ಸರಿಯಿದ್ದವು. ಆ ಕಾಲದವು ಬೇರೆ ಯಾರ ಬಳಿಯೂ ಇರಲಿಲ್ಲ. ಅಪರಿಚಿತ ತನ್ನ ಒಂಬತ್ತನ್ನು ಅವಕ್ಕೆ ಜೋಡಿಸಿದ. ಆ ಕಡಲಿನ ಇಪ್ಪತ್ತು ವರ್ಷ ಮೊದಲ ಸಲ ಒಟ್ಟಿಗೆ ಕಂಡಿತು.

ಶಿಷ್ಯ, “ಕೊಡದೆ ಇದ್ದಿದ್ದರೆ ಅವನ ಮರ್ಯಾದೆಯಾದರೂ ಉಳಿಯುತ್ತಿತ್ತಲ್ಲವೇ?” ಎಂದ.

“ಉಳಿಯುತ್ತಿತ್ತು, ಮಗು. ಕಡಲು ಯಾರಿಗೂ ತಿಳಿಯುತ್ತಿರಲಿಲ್ಲ.”