ಎಡಕ್ಕೆ ಎಳೆಯುವ ಕಾರು

“ಗುರುಗಳೇ, ಉಗ್ರಾಣ ನೋಡಿಕೊಳ್ಳುವ ರೇವಯ್ಯನವರನ್ನು ಬೇರೆ ಊರಿನ ಶಾಖಾಮಠಕ್ಕೆ ಕಳಿಸಬಾರದೇ?” ಎಂದು ಶಿಷ್ಯ ಗುರುಬಸವ ಕೇಳಿದ. “ನಾವೆಲ್ಲ ಒಪ್ಪಿದ ಕೆಲಸಕ್ಕೆ ಅವರೊಬ್ಬರೇ ‘ತಡೆಯಿರಿ’ ಎನ್ನುತ್ತಾರೆ. ಸಭೆ ಸೇರಿದಾಗಲೆಲ್ಲ ಜಗಳ. ಅವರಿಲ್ಲದಿದ್ದರೆ ನಮ್ಮಲ್ಲಿ ಮನಸ್ತಾಪವೇ ಇರುವುದಿಲ್ಲ.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಳೆ ವ್ಯಾಪಾರಿಯಿದ್ದ. ಅವನಲ್ಲೊಂದು ಹಳೆಯ ಕಾರಿತ್ತು. ಹಿಂದಿನ ಸೀಟು ಕಿತ್ತು, ಅಲ್ಲಿ ಬಳೆಯ ಪೆಟ್ಟಿಗೆಗಳನ್ನು ಜೋಡಿಸಿಕೊಂಡು, ಹೆಂಡತಿಯೊಡನೆ ಮದುವೆ ಮನೆಗಳಿಗೆ ಹೋಗುತ್ತಿದ್ದ. ಅವನು ಕಾರು ಓಡಿಸುವನು. ಅವಳು ಹೆಣ್ಣುಮಕ್ಕಳ ಕೈಗೆ ಬಳೆ ತೊಡಿಸುವಳು. ಕಾರಿನ ರಿಪೇರಿಯನ್ನು ಅವನು ಬೇರೆಯವರ ಕೈಗೆ ಕೊಟ್ಟವನಲ್ಲ. ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತಿದ್ದ.

ಆ ಕಾರಿಗೆ ಒಂದು ಚಾಳಿ ಹತ್ತಿತು. ಬ್ರೇಕ್ ಒತ್ತಿದೊಡನೆ ಎಡಕ್ಕೆ ಎಳೆಯತೊಡಗಿತು. ಒಮ್ಮೆ ರಸ್ತೆಯನ್ನೇ ಬಿಟ್ಟು ಚರಂಡಿಯ ಅಂಚಿಗೆ ಹೋಗಿ ನಿಂತಿತು. ಹೆಂಡತಿ ಕಣ್ಣು ಮುಚ್ಚಿ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ವ್ಯಾಪಾರಿಗೆ ಸಿಟ್ಟು ಬಂತು. ಮನೆಗೆ ಬಂದವನೇ ಮುಂದಿನ ಎಡಗಾಲಿಯ ಬ್ರೇಕನ್ನು ಸಡಿಲಿಸಿದ. ಎಳೆತ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅವನು ಮತ್ತೆ ಪಾನಾ ಹಿಡಿದು ಕುಳಿತ.

ಹೆಂಡತಿ ನೋಡುತ್ತ ನಿಂತಿದ್ದವಳು ಕೇಳಿದಳು: “ರೀ, ಎಡಗಾಲಿಯನ್ನೇ ಸಡಿಲಿಸುತ್ತೀರಲ್ಲ, ಬಲಗಾಲಿಯನ್ನೂ ಒಮ್ಮೆ ನೋಡಬಾರದೇ?”

“ಬಲಗಾಲಿಯಿಂದ ಇಲ್ಲಿಯವರೆಗೆ ಏನಾದರೂ ತಕರಾರು ಬಂದಿದೆಯೇ? ರಗಳೆ ಮಾಡುತ್ತಿರುವುದು ಇದು.”

ಅವಳು ಒಳಗೆ ಹೋದಳು. ಅವನು ತಿರುಪನ್ನು ಇನ್ನಷ್ಟು ತಿರುಗಿಸಿದ.

ಕಾರು ನೆಟ್ಟಗಾಯಿತು. ಬ್ರೇಕ್ ಒತ್ತಿದರೂ ಆ ಕಡೆ ಈ ಕಡೆ ಅಲುಗುತ್ತಿರಲಿಲ್ಲ. ವ್ಯಾಪಾರಿ ಸ್ಟಿಯರಿಂಗಿನಿಂದ ಕೈ ತೆಗೆದು ಹೆಂಡತಿಗೆ ತೋರಿಸಿ ನಕ್ಕ. ಪೆಡಲು ಮೊದಲಿಗಿಂತ ಕೆಳಗೆ ಇಳಿಯುತ್ತಿದೆ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತಿದೆ ಎಂಬುದು ಅವನ ಕಾಲಿಗೆ ತಿಳಿಯದೆ ಇರಲಿಲ್ಲ. ಹಳೆಯ ಗಾಡಿ, ಇಷ್ಟಾದರೂ ಓಡುತ್ತದಲ್ಲ ಎಂದುಕೊಂಡು ಸುಮ್ಮನಾದ.

ಗುಡ್ಡದಾಚೆಯ ಊರಿನಲ್ಲಿ ಒಂದು ಮದುವೆಯಿತ್ತು. ಗಂಡ ಹೆಂಡತಿ ಪೆಟ್ಟಿಗೆಗಳನ್ನು ತುಂಬಿಕೊಂಡು ಹೊರಟರು. ಏರು ಕಳೆಯಿತು, ಇಳಿಜಾರು ಬಂತು. ಕೆಳಗಿನ ತಿರುವಿನಲ್ಲಿ ಒಬ್ಬ ಕುರುಬ ಮಂದೆಯನ್ನು ರಸ್ತೆ ದಾಟಿಸುತ್ತಿದ್ದ. ವ್ಯಾಪಾರಿ ಬ್ರೇಕ್ ಒತ್ತಿದ. ಪೆಡಲು ನೆಲ ಮುಟ್ಟಿತು. ಕಾರು ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಹಗ್ಗ ಹಿಡಿದಂತೆ ನೆಟ್ಟಗೆ ಮಂದೆಯ ಕಡೆಗೇ ಇಳಿಯಿತು.

ಮತ್ತೆ ಒತ್ತಿದ. ಮತ್ತೆ ಒತ್ತಿದ. ಕೈಬ್ರೇಕ್ ಎಳೆದ, ಬ್ರೇಕ್ ಸವೆದ ಹಿಂದಿನ ಗಾಲಿಗಳು ಕಿರುಗುಟ್ಟಿದವೇ ಹೊರತು ಹಿಡಿಯಲಿಲ್ಲ. ಗೇರನ್ನು ಬಲವಂತವಾಗಿ ಕೆಳಕ್ಕೆ ತಂದಾಗ ಎಂಜಿನ್ ಕಿರುಚಿತು. ವೇಗ ತಗ್ಗಿತು, ಆದರೆ ಸಾಲದು. ಬಲಕ್ಕೆ ಕಮರಿ. ಎಡಕ್ಕೆ ಮಣ್ಣಿನ ದಿಬ್ಬ, ಆ ಬದಿಗೆ ಕೂತವಳು ಹೆಂಡತಿ. ಹಾರ್ನಿಗೆ ಕುರುಬ ತಲೆಯೆತ್ತಿ ನೋಡಿದ, ಕುರಿಗಳು ನೋಡಲಿಲ್ಲ.

“ಈ ಕಡೆ ಬಾ!” ಎಂದು ಕೂಗಿ, ಅವಳ ರಟ್ಟೆ ಹಿಡಿದು ತನ್ನತ್ತ ಎಳೆದುಕೊಂಡು, ವ್ಯಾಪಾರಿ ಕಾರನ್ನು ದಿಬ್ಬಕ್ಕೆ ಉಜ್ಜಿದ. ತಗಡು ಹರಿಯಿತು. ಬಾಗಿಲು ಒಳಕ್ಕೆ ಸೊಟ್ಟಗಾಯಿತು. ಪೆಟ್ಟಿಗೆಗಳು ಒಂದರ ಮೇಲೊಂದು ಬಿದ್ದು ಬಳೆಗಳು ಸಿಡಿದವು. ರಸ್ತೆ ಕೆಲಸಕ್ಕೆಂದು ಸುರಿದಿದ್ದ ಜಲ್ಲಿಯ ರಾಶಿಗೆ ಮೂತಿ ತುರುಕಿ ಕಾರು ನಿಂತಿತು. ಮಂದೆಯ ಕೊನೆಯ ಕುರಿ ಅದರ ಮುಂದೆಯೇ ದಾಟಿಹೋಯಿತು.

ಹೆಂಡತಿಯ ಹಣೆ ಒಡೆದಿತ್ತು. ಜೀವಕ್ಕೆ ಅಪಾಯವಿರಲಿಲ್ಲ. ಅವಳು ಸೆರಗಿನಿಂದ ಗಾಯ ಒತ್ತಿಕೊಂಡು ಕಲ್ಲಿನ ಮೇಲೆ ಕುಳಿತಳು. ಅವಳು ಬೈದಿದ್ದರೆ ವ್ಯಾಪಾರಿಗೆ ಹಗುರವಾಗುತ್ತಿತ್ತು.

ಅವನು ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ ಮುಂದಿನ ಬಲಗಾಲಿಯನ್ನು ಎತ್ತಿದ. ಕುರುಬನನ್ನು ಒಳಗೆ ಕೂರಿಸಿ, “ಪೆಡಲನ್ನು ಜೋರಾಗಿ ಒತ್ತಿ ಹಿಡಿಯಪ್ಪಾ” ಎಂದ. ಕುರುಬ ಒತ್ತಿದ. ವ್ಯಾಪಾರಿ ಗಾಲಿಯನ್ನು ತಿರುಗಿಸಿದ. ಅದು ತಿರುಗಿತು, ಯಾವ ತಡೆಯೂ ಇಲ್ಲದೆ.

ಬಿಚ್ಚಿ ನೋಡಿದ. ಬ್ರೇಕಿನ ಪಟ್ಟಿಯನ್ನು ತಳ್ಳಬೇಕಾದ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಟ್ಟಿ ಹೊಸದರಂತೆಯೇ ಇತ್ತು. ಸವೆಯಲು ಅದು ಕೆಲಸವನ್ನೇ ಮಾಡಿರಲಿಲ್ಲ. ಆಮೇಲೆ ಎಡಗಾಲಿಯನ್ನು ಬಿಚ್ಚಿದ. ಅದರ ಪಟ್ಟಿ ರಿವೆಟ್ಟು ಕಾಣುವಷ್ಟು ಸವೆದಿತ್ತು. ಇಷ್ಟು ದಿನ ಕಾರನ್ನು ತಡೆದು ನಿಲ್ಲಿಸುತ್ತಿದ್ದದ್ದು ಅದೊಂದೇ, ಕಾರು ಎಡಕ್ಕೆ ಎಳೆಯುತ್ತಿದ್ದದ್ದೂ ಅದಕ್ಕೇ. ವ್ಯಾಪಾರಿ ಆ ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ರಸ್ತೆಯ ಮೇಲೆಯೇ ಕುಳಿತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

“ಕಾರು ನೆಟ್ಟಗೆ ಹೋಗುತ್ತಿತ್ತಲ್ಲ ಗುರುಗಳೇ,” ಎಂದ ಗುರುಬಸವ. “ಅವನಿಗೆ ಹೇಗೆ ತಿಳಿಯಬೇಕು?”

“ನೆಟ್ಟಗೆ ಹೋಗುವ ಗಾಡಿಯೆಲ್ಲ ನಿಲ್ಲುವ ಗಾಡಿಯಲ್ಲ, ಮಗು.”

ಗುರುಬಸವ ಎದ್ದು ರೇವಯ್ಯನವರನ್ನು ಹುಡುಕಿಕೊಂಡು ಉಗ್ರಾಣದ ಕಡೆಗೆ ನಡೆದ.