ಕೇಳಿಸಿಕೊಳ್ಳುವ ಡಬ್ಬಿ

ಕಾಲುವೆ ಕಚೇರಿಯಿಂದ ನೀರು ಬಿಡುವ ಗೇಟಿಗೆ ಇಂಟರ್ನೆಟ್ ಮೂಲಕ ಮಾತು ಸಾಗಿಸಲು ಎರಡೂ ಕಡೆ ಒಂದೊಂದು ಐಪಿ ಡಬ್ಬಿ ಕೂರಿಸಿದ್ದರು. ಆದರೆ ಮಾತು ತುಂಡು ತುಂಡಾಗಿ ಬರುತ್ತಿತ್ತು. ಗೇಟು ಇಳಿಸು ಅಂದದ್ದು ತಲುಪದೆ, ಹಿಂದಿನ ದಿನವಷ್ಟೇ ಸಸಿಮಡಿಗಳಿಗೆ ನೀರು ನುಗ್ಗಿತ್ತು.

ಟೆಕ್ನಿಷಿಯನ್ ಸಕೀನಾ ಬಂದು ನೋಡಿದಳು. "ಸರ, ಎರಡೂ ಡಬ್ಬಿ ತಮ್ಮ ತಮ್ಮ ಗಡಿಯಾರ ಹಿಡಿದು ನಡದಾವ, ಅದಕ್ಕ ಮಾತು ತುಂಡಾಗತೈತಿ. ಸರಿಯಾದ ಟೈಮು ಗೇಟಿನ ಡಬ್ಬಿಗೆ ಬರತೈತಿ. ನಿಮ್ಮದು ಅದರ ಹಿಂದ ನಡಿಯುವಂಗ ಸೆಟ್ಟಿಂಗ್ ಮಾಡಬೇಕ್ರಿ."

ಎಂಜಿನಿಯರ್ ದೇಸಾಯಿ ಸಾಹೇಬರ ಮುಖ ಬಿಗಿಯಿತು. "ಆಫೀಸಿನ ಡಬ್ಬಿ ಗೇಟಿನವನ ಡಬ್ಬಿ ಹಿಂದ ನಡೀಬೇಕಾ? ನಾ ಇರೂತನಕ ಆಗೂದಿಲ್ಲ."

ಸಕೀನಾ ಕೈಯಲ್ಲಿದ್ದ ತಂತಿ ಕೆಳಗಿಟ್ಟಳು.

"ಸರ, ಟೈಮು ಹೇಳೂದು ಸಣ್ಣ ಕೆಲಸ. ಒಂದೇ ಸಮನೆ ಕೇಳಿಸ್ಕೊಂಡು ತನ್ನನ್ನ ತಿದ್ದಿಕೊಳ್ಳೂದು ದೊಡ್ಡ ಕೆಲಸ. ಅದನ್ನ ಗೇಟಿಗೆ ಕೊಡ್ಲೇನು?"

"ದೊಡ್ಡ ಕೆಲಸ ಆಫೀಸಿಗೇ ಇರಲಿ," ಎಂದರು ಸಾಹೇಬರು.

ಸೆಟ್ಟಿಂಗ್ ಬದಲಾಯಿತು. ಮಾತು ತಿಳಿಯಾಯಿತು. ಸಾಹೇಬರು ಹಿಗ್ಗಿ, ಆಫೀಸಿನ ಡಬ್ಬಿಯ ಮೇಲೆ ದಪ್ಪ ಅಕ್ಷರದ ಚೀಟಿ ಅಂಟಿಸಿದರು: ಒಂದೇ ಸಮನೆ ಕೇಳಿಸಿಕೊಳ್ಳುವುದು ಇದೇ.

ಮರುದಿನ ನಿಂಗವ್ವ ಬಂದಳು. ಕಾಲುವೆಯ ತುದಿಯಲ್ಲಿದ್ದ ಅವಳ ಹೊಲಕ್ಕೆ ನೀರು ಮುಟ್ಟುತ್ತಿರಲಿಲ್ಲ. ಅದನ್ನು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಸಾಹೇಬರು ಎಂದಿನಂತೆ ತಲೆ ಎತ್ತದೆ "ಆಮ್ಯಾಲ ಬಾ" ಎಂದರು.

ಅವಳು ಚೀಟಿಯನ್ನು ನಿಧಾನವಾಗಿ ಓದಿದಳು. ಕುರ್ಚಿಯನ್ನು ಡಬ್ಬಿಯ ಕಡೆ ತಿರುಗಿಸಿ ಕೂತು, ಅದಕ್ಕೆ ತನ್ನ ದೂರನ್ನು ಮೊದಲಿನಿಂದ ಹೇಳಲು ಶುರು ಮಾಡಿದಳು.

ದೂರು ಹೇಳಲು ಬಂದು ಕಾಯುತ್ತಿದ್ದ ಜನ ನಗಲಿಲ್ಲ. ಅವಳ ಹಿಂದೆ ಸಾಲಾಗಿ ನಿಂತರು.

ಸಾಹೇಬರು ಪೆನ್ನು ಕೆಳಗಿಟ್ಟರು. ಎದ್ದು ಹತ್ತಿರ ಬಂದರು. "ನನಗ ಹೇಳವ್ವಾ," ಎಂದರು.

"ಸ್ವಲ್ಪ ತಡೀರಿ ಸಾಹೇಬ್ರ," ಎಂದಳು ನಿಂಗವ್ವ. "ಇದಕ್ಕ ಹೇಳೂದು ಮುಗೀಲಿ."